ಅಪ್ಪನ ಕ್ಯಾಸೆಟ್ಟುಗಳನ್ನು ಎಸೆಯುವ ಮುನ್ನ

ತೀರಿಕೊಂಡ ತಂದೆಯವರು ಬಿಟ್ಟುಹೋದ ಸುಮಾರು 200 ಕ್ಯಾಸೆಟ್ಟುಗಳೂ ಒಂದಿಷ್ಟು ಗ್ರಾಮಫೋನ್ ತಟ್ಟೆಗಳೂ ಅಟ್ಟದ ಮೇಲಿವೆ, ಆ ಹಾಡುಗಳೆಲ್ಲ ಮೊಬೈಲಿನಲ್ಲೇ ಸಿಗುವಾಗ ಇವನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆಯೇ ಎಂದು ನೀವು ಕೇಳಿದ್ದೀರಿ.

ಅರ್ಥವಿದೆ ಎಂಬುದು ನನ್ನ ಉತ್ತರ. ಆದರೆ ಹಳೆಯದರಲ್ಲಿ ಧ್ವನಿ ಹೆಚ್ಚು ಚೆನ್ನಾಗಿರುತ್ತದೆ ಎನ್ನುವವರ ಮಾತು ನಂಬಿ ಇಟ್ಟುಕೊಳ್ಳಬೇಡಿ. ಕ್ಯಾಸೆಟ್ಟಿನಲ್ಲಿ ಹಾಡಿನ ಹಿಂದೆ ಸದಾ ಸುಯ್ಯೆನ್ನುವ ಸದ್ದಿರುತ್ತದೆ. ಅರಗಿನಿಂದ ಮಾಡಿದ ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ ಚಟಪಟ ತಪ್ಪಿದ್ದಲ್ಲ. ಅವುಗಳ ಬೆಲೆ ಇರುವುದು ಆ ವಸ್ತುವಿನ ಮೇಲೆ ಉಳಿದಿರುವ ಮನುಷ್ಯರ ಗುರುತಿನಲ್ಲಿ ಮತ್ತು ಅದು ನಮ್ಮನ್ನು ಒಂದು ಕಡೆ ಕೂರಿಸಿ ಕೇಳಿಸುವ ರೀತಿಯಲ್ಲಿ.

ಮೊದಲಿಗೆ, ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ ಎಂಬ ಮಾತನ್ನೇ ಪರೀಕ್ಷಿಸಿ ನೋಡಿ. ಸಾಗರದ ಕಡೆಯ ನಮ್ಮ ಮನೆಯಲ್ಲಿ, ಸೋದರತ್ತೆಯ ಮದುವೆಯ ಹಿಂದಿನ ದಿನ, ಅಪ್ಪಯ್ಯ ಜಗಲಿಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಅಜ್ಜಿಯಿಂದ ಸಂಪ್ರದಾಯದ ಹಾಡುಗಳನ್ನು ಹಾಡಿಸಿದ್ದರು. ಅಜ್ಜಿ ಒಂದು ಹಾಡಿನ ನಡುವೆ ಥಟ್ಟನೆ ನಿಲ್ಲಿಸಿ, "ಒಲೆ ಮೇಲೆ ಹಾಲಿದ್ದು, ನೋಡೇ" ಎಂದು ಯಾರಿಗೋ ಹೇಳಿ, ಬಿಟ್ಟ ಪದದಿಂದಲೇ ಮತ್ತೆ ಎತ್ತಿಕೊಳ್ಳುತ್ತಾರೆ. ಕ್ಯಾಸೆಟ್ಟಿನ ಒಳಚೀಟಿಯ ಮೇಲೆ ನೀಲಿ ಶಾಯಿಯಲ್ಲಿ "ಅಮ್ಮ, ಮದುವೆ ಹಾಡು, ಅಳಿಸಬಾರದು" ಎಂದಿದೆ. ಬರೆದದ್ದು ಸಾಲದೆಂದು ಅಪ್ಪಯ್ಯ ಮೇಲಂಚಿನ ಎರಡು ಪ್ಲಾಸ್ಟಿಕ್ ತುಣುಕುಗಳನ್ನೂ ಮುರಿದುಹಾಕಿದ್ದರು. ಆ ತುಣುಕುಗಳಿಲ್ಲದಿದ್ದರೆ ಯಂತ್ರದ ರೆಕಾರ್ಡ್ ಗುಂಡಿ ಕೆಳಗಿಳಿಯುವುದಿಲ್ಲ, ಮಕ್ಕಳು ಆಟವಾಡುತ್ತ ಅದರ ಮೇಲೆ ಸಿನಿಮಾ ಹಾಡು ತುಂಬಿಸುವಂತಿಲ್ಲ. ಈಗ ಅಜ್ಜಿಯೂ ಇಲ್ಲ, ಅಪ್ಪಯ್ಯನೂ ಇಲ್ಲ. ಆ ಮುರಿದ ಅಂಚಿನ ಮೇಲೆ ಬೆರಳಾಡಿಸಿದಾಗ ತಾಯಿಯ ದನಿಯನ್ನು ಕಾಪಾಡಲು ಒಬ್ಬ ಮಗ ಪಟ್ಟ ಕಾಳಜಿ ನನ್ನ ಕೈಗೇ ತಗಲುತ್ತದೆ. ಹಾಡುಗಳನ್ನು ನಾನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ, ಆದರೆ ಆ ಕಾಳಜಿ ಕಡತದೊಳಗೆ ಬರಲಿಲ್ಲ.

ತಟ್ಟೆಗಳ ವಿಷಯವೂ ಹೀಗೆಯೇ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಗಂಟೆಗಟ್ಟಲೆ ರಾಗ ಬೆಳೆಸುತ್ತಿದ್ದ ಗಾಯಕರು ಅದಕ್ಕಾಗಿ ಆಲಾಪವನ್ನು ಒಂದೆರಡು ಉಸಿರಿಗೆ ಇಳಿಸಿ, ಇಡೀ ರಾಗದ ಮುಖವನ್ನು ಅಷ್ಟರಲ್ಲೇ ತೋರಿಸುವುದನ್ನು ಕಲಿಯಬೇಕಾಯಿತು. 1902ರಲ್ಲಿ ಕಲ್ಕತ್ತೆಯಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡಾಗ ಅವರು ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಮೂಲ ಮುದ್ರಣಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗುತ್ತಿದ್ದವು, ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿದು ಸರಿಯಾದ ಲೇಬಲ್ ಅಂಟಿಸಲು ಆ ಮಾತು ಬೇಕಿತ್ತು. ಬದುಕಿನ ಕೊನೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದ ಗೌಹರ್ ಜಾನ್ 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಮೊಬೈಲಿನಲ್ಲಿ ಕೇಳಿದರೆ ಆ ಕೂಗು ವಿಚಿತ್ರವಾಗಿ ತೋರಬಹುದು; ಭಾರವಾದ, ಕೈಜಾರಿದರೆ ಹೋಳಾಗುವ ಆ ಕಪ್ಪು ತಟ್ಟೆಯನ್ನು ಹಿಡಿದವರಿಗೆ ಮಾತ್ರ ಅದು ಕಡಲು ದಾಟಿ ಹೋಗಿ ಬಂದ ವಸ್ತುವೊಂದರ ವಿಳಾಸವೆಂದು ಅರ್ಥವಾಗುತ್ತದೆ.

ಇನ್ನು ಕೇಳುವ ರೀತಿ. ಕ್ಯಾಸೆಟ್ಟಿನಲ್ಲಿ ಹಾಡು ದಾಟಿಸುವುದು ತ್ರಾಸದ ಕೆಲಸವಾದ್ದರಿಂದ ನಾವು ಒಂದು ಬದಿಯನ್ನು ಪೂರ್ತಿ ಕೇಳುತ್ತಿದ್ದೆವು. ಮೊದಲ ಸಲ ರುಚಿಸದ ಮೂರನೆಯ ಹಾಡು ಹತ್ತನೆಯ ಸಲಕ್ಕೆ ಎಲ್ಲಕ್ಕಿಂತ ಪ್ರಿಯವಾಗುತ್ತಿತ್ತು. ಒಳಚೀಟಿಯಲ್ಲಿ ಕವಿ ಯಾರು, ರಾಗ ಹಾಕಿದವರು ಯಾರು, ಕೊಳಲು ಯಾರದು ಎಂದು ಓದುತ್ತ ಕೇಳಿದ್ದರಿಂದಲೇ ನನಗೆ ಎಷ್ಟೋ ಕವಿಗಳ ಪರಿಚಯವಾಯಿತು. ನಿಮ್ಮ ತಂದೆಯವರ ಸಂಗ್ರಹದಲ್ಲಿ ಅಂಗಡಿಯಲ್ಲಿ ತುಂಬಿಸಿದ ಕ್ಯಾಸೆಟ್ಟುಗಳೂ ಇರಬಹುದು. ಆ ಕಾಲದಲ್ಲಿ ನಮಗೆ ಬೇಕಾದ ಹಾಡುಗಳ ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಕ್ಯಾಸೆಟ್ ಅಂಗಡಿಯವರು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದರು. 60 ನಿಮಿಷದ ಜಾಗದಲ್ಲಿ ಹಿಡಿಯುವುದು ಹತ್ತು ಹನ್ನೆರಡು ಹಾಡು. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ನಿಮ್ಮ ತಂದೆಯವರು ಯೋಚಿಸಿ ಬರೆದ ಪಟ್ಟಿ ಅದು. ಅದೇ ಕ್ರಮದಲ್ಲಿ ಒಮ್ಮೆ ಕೇಳಿ ನೋಡಿ, ದಯವಿಟ್ಟು.

ಆದರೆ ಆತುರಪಟ್ಟು ಯಾವುದನ್ನೂ ಯಂತ್ರಕ್ಕೆ ಹಾಕಬೇಡಿ. ಈ ತಪ್ಪನ್ನು ನಾನು ಮಾಡಿದ್ದೇನೆ. ನಮ್ಮ ಮಲೆನಾಡಿನ ಮಳೆಗೆ ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿಯುತ್ತದೆ, ಹಾಗೆಯೇ ಓಡಿಸಿದರೆ ಅದು ಯಂತ್ರದಲ್ಲಿ ಸುರುಳಿಯನ್ನು ಓದುವ ಹೆಡ್ಡಿಗೂ ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು, ಅದರ ಚಿಕ್ಕ ಕಿಟಕಿಯಿಂದ ಮೊದಲು ಬೂಷ್ಟಿದೆಯೇ ನೋಡಿ. ಆಮೇಲೆ ಕೆಳ ಅಂಚಿನ ನಡುವೆ ಟೇಪಿನ ಹಿಂದಿರುವ ಚಿಕ್ಕ ಮೆತ್ತನೆಯ ತುಂಡು ಅಂಟಿಕೊಂಡಿದೆಯೇ ನೋಡಿ. ಅಜ್ಜಿಯ ಕ್ಯಾಸೆಟ್ಟಿನಲ್ಲಿ ಅದು ಉದುರಿಹೋಗಿ ದನಿ ಗುಹೆಯೊಳಗಿನಿಂದ ಬಂದಂತೆ ಕೇಳುತ್ತಿತ್ತು. ಸ್ಕ್ರೂ ಬಿಚ್ಚಿ, ಸುರುಳಿಗಳೆರಡನ್ನೂ ಒಳ್ಳೆಯ ಸ್ಥಿತಿಯ ಬೇರೊಂದು ಕ್ಯಾಸೆಟ್ಟಿನ ಹೊರಕವಚಕ್ಕೆ ದಾಟಿಸಿದ ಮೇಲೆ ಸರಿಯಾಯಿತು. ಹಳೆಯ ಕವಚವನ್ನು ಕೈಬರಹದ ಚೀಟಿಯೊಂದಿಗೆ ಹಾಗೆಯೇ ಇಟ್ಟಿದ್ದೇನೆ. ಅರಗಿನ ತಟ್ಟೆಗಳನ್ನು ಸ್ಪಿರಿಟ್ಟಿನಿಂದ ಖಂಡಿತ ಒರೆಸಬೇಡಿ, ಅರಗು ಅದರಲ್ಲಿ ಕರಗುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಿ. ಹೊಸ ಪ್ಲೇಯರಿನಲ್ಲಿ ನುಡಿಸುವುದಾದರೆ 78ರ ತಟ್ಟೆಗೆ ಬೇರೆಯೇ ಅಗಲದ ಮುಳ್ಳು ಬೇಕೆಂಬುದು ನೆನಪಿರಲಿ.

ಎಲ್ಲ 200ನ್ನೂ ಇಟ್ಟುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಎಲ್ಲೆಡೆ ಸಿಗುವ ಸಿನಿಮಾ ಹಾಡಿನ ಕ್ಯಾಸೆಟ್ಟುಗಳಲ್ಲಿ ನಿಮಗೆ ನೆನಪಿನ ನಂಟಿಲ್ಲದವನ್ನು ಬೇಕಾದವರಿಗೆ ಕೊಟ್ಟುಬಿಡಿ. ಕೈಬರಹ ಇರುವವನ್ನು, ಏನೂ ಬರೆದಿಲ್ಲದವನ್ನು ಮಾತ್ರ ಕೇಳದೆ ಯಾರಿಗೂ ಕೊಡಬೇಡಿ. ಹೆಸರಿಲ್ಲದ ಕ್ಯಾಸೆಟ್ಟಿನ ಎರಡನೆಯ ಬದಿಯನ್ನೂ ಕೊನೆಯವರೆಗೆ ಓಡಿಸಿ. ಹಾಡುಗಳು ಮುಗಿದು ಉಳಿದ ಒಂದೆರಡು ನಿಮಿಷದಲ್ಲಿ ಮನೆಯವರ ಮಾತು ಸೇರಿಕೊಂಡಿರುವುದುಂಟು.