ಕಾರ್ಟಿಸಾಲ್ 14.2 ಬಂದಿದೆ, ವಾಚು ದಿನವಿಡೀ ‘ಸ್ಟ್ರೆಸ್ ಜಾಸ್ತಿ’ ಅನ್ನುತ್ತಿದೆ: ಯಾವುದನ್ನು ನಂಬೋದು?

ನೀವು ಬರೆದಿರುವುದು ಇಷ್ಟು: ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವ) ಕೆಲಸ, ವಯಸ್ಸು 41. ಕೊಯ್ಲು ಶುರುವಾದಾಗಿನಿಂದ ನಿದ್ದೆ ಸರಿಯಿಲ್ಲ, ಎದೆ ಢವಢವ. ವಾಚಿನ ಸ್ಟ್ರೆಸ್ ಅಂಕ 70ರಿಂದ ಇಳಿಯುತ್ತಿಲ್ಲ. ಹಾಸನದ ಲ್ಯಾಬೊಂದರಲ್ಲಿ ‘ಸ್ಟ್ರೆಸ್ ಪ್ಯಾಕೇಜ್’ ಅಂತ ಬೆಳಗ್ಗೆ 11 ಗಂಟೆಗೆ ರಕ್ತ ಕೊಟ್ಟಿರಿ, ಒತ್ತಡದ ಹಾರ್ಮೋನು ಅನ್ನಿಸಿಕೊಂಡ ಕಾರ್ಟಿಸಾಲ್ 14.2 ಬಂತು. ಇದು ಜಾಸ್ತಿಯಾ? ಕ್ಯಾಂಪಿನಲ್ಲಿ ಕಡ್ಡಿ ಹಿಡಿಸಿ ಮಾಡುವ ‘ಕ್ವಾಂಟಮ್’ ಪರೀಕ್ಷೆ ನಂಬಬಹುದಾ ಅಂತಲೂ ಕೇಳಿದ್ದೀರಿ.

ಆ 14.2 ನಿಮ್ಮ ಒತ್ತಡದ ಬಗ್ಗೆ ಏನೂ ಹೇಳುವುದಿಲ್ಲ. ವಾಚಿನ 70 ಚೂರುಪಾರು ಹೇಳುತ್ತದೆ, ಆದರೆ ನೀವು ಓದುತ್ತಿರುವ ರೀತಿಯಲ್ಲಿ ಅಲ್ಲ.

ಕಾರ್ಟಿಸಾಲ್ ದಿನವಿಡೀ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಎದ್ದ ಮೇಲೆ 30–45 ನಿಮಿಷದಲ್ಲಿ ತುದಿ ಮುಟ್ಟುತ್ತದೆ, ಹೊತ್ತು ಏರಿದಂತೆ ಇಳಿಯುತ್ತದೆ, ನಡುರಾತ್ರಿಯ ಆಸುಪಾಸಿನಲ್ಲಿ ತಳ ಕಾಣುತ್ತದೆ. ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ ಸುಮಾರು 5ರಿಂದ 25 ಮೈಕ್ರೋಗ್ರಾಂ (ಡೆಸಿಲೀಟರಿಗೆ) ಮಿತಿ ಸಾಮಾನ್ಯವಾಗಿ ಬೆಳಗ್ಗೆ 8ರ ಹೊತ್ತಿನ ರಕ್ತದ್ದು; 11ರ ರಕ್ತವನ್ನು ಅದರ ಪಕ್ಕ ಇಟ್ಟು ನೋಡಿದರೆ ಅರ್ಥವಿಲ್ಲ. ಸೂಜಿಯ ಭಯವೂ ಅದನ್ನು ಏರಿಸಬಲ್ಲದು. ಅಸ್ತಮಾದ ಸ್ಟೆರಾಯ್ಡ್ ಇನ್‌ಹೇಲರ್, ತುರಿಕೆಯ ಮುಲಾಮು, ಮಂಡಿಗೆ ಹಾಕಿಸಿದ ಸ್ಟೆರಾಯ್ಡ್ ಇಂಜೆಕ್ಷನ್ ತಗ್ಗಿಸಬಲ್ಲವು. ಪ್ರೆಡ್ನಿಸೊಲೋನ್ ಮಾತ್ರೆಯಂತೂ ಕೆಲವು ಲ್ಯಾಬ್ ವಿಧಾನಗಳಲ್ಲಿ ಕಾರ್ಟಿಸಾಲ್ ಅಂತಲೇ ಲೆಕ್ಕಕ್ಕೆ ಸೇರಿಬಿಡುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುವ ಹೆಂಗಸರಲ್ಲಿ ಕಾರ್ಟಿಸಾಲನ್ನು ಹೊತ್ತೊಯ್ಯುವ ಪ್ರೋಟೀನ್ ಹೆಚ್ಚಿರುತ್ತದೆ, ಹಾಗಾಗಿ ಒಟ್ಟು ಅಂಕ ಮೇಲಿರುತ್ತದೆ, ಕಾಯಿಲೆ ಇರುವುದಿಲ್ಲ.

ಈ ಪರೀಕ್ಷೆ ಇರುವುದು ಕಾರ್ಟಿಸಾಲ್ ಸುರಿಸುವ ಅಡ್ರಿನಲ್ ಗ್ರಂಥಿಯ ಕಾಯಿಲೆ ಹಿಡಿಯಲು. ಮುಖ ಊದಿಕೊಂಡು ದುಂಡಗಾಗುವುದು, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ, ಕುಕ್ಕರಗಾಲಿನಿಂದ ಏಳಲಾಗದಷ್ಟು ತೊಡೆ ಸೋಲುವುದು ಇದ್ದರೆ ಕುಶಿಂಗ್ (ಕಾರ್ಟಿಸಾಲ್ ಅತಿಯಾಗುವ ಕಾಯಿಲೆ) ಸಂಶಯ. ಆಗಲೂ ಹಗಲಿನ ಒಂದು ರಕ್ತ ಸಾಲದು. ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ (ಕಾರ್ಟಿಸಾಲನ್ನು ತಗ್ಗಿಸುವ ಸ್ಟೆರಾಯ್ಡ್) ನುಂಗಿಸಿ, ಮಾರನೆಯ ಬೆಳಗ್ಗೆ 8–9ಕ್ಕೆ ರಕ್ತ ತೆಗೆದು, ಕಾರ್ಟಿಸಾಲ್ 1.8ಕ್ಕಿಂತ ಕೆಳಗೆ ಇಳಿಯಿತೇ ಅಂತ ನೋಡುತ್ತಾರೆ. ಇಲ್ಲವೇ ನಡುರಾತ್ರಿಯ ಎಂಜಲನ್ನು ಎರಡು ರಾತ್ರಿ ತೆಗೆಯುತ್ತಾರೆ, ಅಥವಾ 24 ಗಂಟೆಯ ಮೂತ್ರ ಹಿಡಿಸುತ್ತಾರೆ. ಇದಕ್ಕೆ ಉಲ್ಟಾ ತೂಕ ಇಳಿದು, ಬಿಪಿ ಬಿದ್ದು, ಚರ್ಮ ಕಪ್ಪಾಗಿ, ಉಪ್ಪಿನ ಆಸೆ ಹುಟ್ಟಿದರೆ ಕಾರ್ಟಿಸಾಲ್ ಕಮ್ಮಿಯಾಗುವ ಅಡಿಸನ್ ಕಾಯಿಲೆ ನೋಡಬೇಕು. ನಿಮ್ಮ ಪ್ರಶ್ನೆಯಲ್ಲಿ ಇದಾವುದೂ ಇಲ್ಲ. ಮತ್ತೆ ಕಾರ್ಟಿಸಾಲಿಗೆ ದುಡ್ಡು ಸುರಿಯಬೇಡಿ.

ಒತ್ತಡಕ್ಕೆ ಅಂತ ಒಂಟಿ ಅಂಕ ಸಂಶೋಧಕರ ಹತ್ತಿರವೂ ಇಲ್ಲ. ಮೆಕ್‌ಯೂವನ್ ಮತ್ತು ಸ್ಟೆಲ್ಲರ್ 1993ರಲ್ಲಿ ‘ಅಲೋಸ್ಟ್ಯಾಟಿಕ್ ಲೋಡ್’ ಅಂದದ್ದು ವರ್ಷಗಟ್ಟಲೆ ಒತ್ತಡ ಹೊತ್ತ ಮೈಯ ಸವಕಳಿಗೆ. 1997ರಲ್ಲಿ ಅದನ್ನು ಅಳೆಯಲು ಹೊರಟವರು ಬಿಪಿಯ ಎರಡೂ ಅಂಕ, ಸೊಂಟ-ಪೃಷ್ಠದ ಅನುಪಾತ, ಕೊಲೆಸ್ಟರಾಲ್, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ), ಮೂತ್ರದ ಕಾರ್ಟಿಸಾಲ್, ಅಡ್ರಿನಲಿನ್ ಎಲ್ಲ ಸೇರಿಸಿ 10 ಅಳತೆ ಒಟ್ಟಿಗೆ ತೆಗೆದುಕೊಂಡರು. ಅದರಲ್ಲಿ ಅರ್ಧದಷ್ಟನ್ನು ನೀವೇ ಅಗ್ಗದಲ್ಲಿ ನೋಡಿಕೊಳ್ಳಬಹುದು.

ಮೊದಲು ಬಿಪಿ. ತೋಳಿಗೆ ಕಟ್ಟುವ ಮೆಷಿನ್ನೇ ಬೇಕು, ಮಣಿಕಟ್ಟಿನದು ಬೇಡ. ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು, ಪಟ್ಟಿಯ ಮೇಲೆ ಬರೆದಿರುವ ಸೆಂಟಿಮೀಟರ್ ಮಿತಿಯೊಳಗೆ ಇದೆಯೇ ನೋಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ. ಕಾಫಿ, ಬೀಡಿ, ನಡಿಗೆ ಮುಗಿದು ಅರ್ಧ ಗಂಟೆ ಆಗಿರಬೇಕು. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿ, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ, ತೋಳು ಮೇಜಿನ ಮೇಲೆ ಎದೆಯ ಮಟ್ಟದಲ್ಲಿ. 5 ನಿಮಿಷ ಸುಮ್ಮನೆ ಕೂತು ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಬೆಳಗ್ಗೆ ಮಾತ್ರೆ-ತಿಂಡಿಗೆ ಮೊದಲು ಒಮ್ಮೆ, ರಾತ್ರಿ ಒಮ್ಮೆ, ಹೀಗೆ 7 ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದುದರ ಸರಾಸರಿ ತೆಗೆಯಿರಿ. 135/85 ಅಥವಾ ಮೇಲಿದ್ದರೆ ಡಾಕ್ಟರಿಗೆ ತೋರಿಸಬೇಕು. ತೋಳು ಜೋತುಬಿಟ್ಟರೆ, ಮಧ್ಯೆ ಮಾತಾಡಿದರೆ ಮೇಲಿನ ಅಂಕ 10ರಷ್ಟು ಏರುವುದು ಮಾಮೂಲು. ಮೆಡಿಕಲ್ ಸ್ಟೋರಿನಲ್ಲಿ ನಿಂತು ನೋಡಿಸಿಕೊಂಡ ಬಿಪಿ ನನ್ನ ಲೆಕ್ಕದಲ್ಲಿ ಇಲ್ಲದ್ದಕ್ಕೆ ಸಮ.

ಅದೇ ಹಾಳೆಯಲ್ಲಿ ಎದ್ದ ತಕ್ಷಣದ ನಾಡಿಯನ್ನೂ ಬರೆಯಿರಿ, ಹಾಸಿಗೆಯಲ್ಲೇ, ಪೂರ್ತಿ 60 ಸೆಕೆಂಡ್ ಎಣಿಸಿ. 60–100 ಸಹಜ ಅನ್ನುವುದು ಊರಿಗೆಲ್ಲ ಹೇಳುವ ಮಾತು. ನಿಮಗೆ ಬೇಕಾದ್ದು ನಿಮ್ಮದೇ ವಾಡಿಕೆಯ ಅಂಕ. ಅದು ಹಲವು ದಿನ ಸತತ 8–10 ಬಡಿತ ಮೇಲೆ ನಿಂತರೆ ಮೈಯಲ್ಲಿ ಏನೋ ನಡೆದಿದೆ: ಜ್ವರ ಕಾಯುತ್ತಿರಬಹುದು, ನೀರು ಸಾಲದಿರಬಹುದು, ನಿದ್ದೆ ಕೆಟ್ಟಿರಬಹುದು. ಪಕ್ಕದಲ್ಲಿ ಷರಾ ಅಂಕಣ ಒಂದಿರಲಿ: ಬಟವಾಡೆ ದಿನ, ಆನೆ ಬಂತು ಅಂತ ಎದ್ದ ರಾತ್ರಿ, ಕುಡಿದ ದಿನ. ಎರಡು ವಾರ ಆದಮೇಲೆ ಆ ಅಂಕಣವೇ ಹೆಚ್ಚು ಮಾತಾಡುತ್ತದೆ.

ಎದ್ದು ನಿಂತಾಗ ತಲೆ ತಿರುಗುವುದಿದ್ದರೆ ಇನ್ನೊಂದು: 5 ನಿಮಿಷ ಅಂಗಾತ ಮಲಗಿ ಬಿಪಿ-ನಾಡಿ ನೋಡಿ, ನಿಂತು 1 ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನದು 20 ಅಥವಾ ಕೆಳಗಿನದು 10 ಬಿದ್ದರೆ ಆ ಚೀಟಿ ಡಾಕ್ಟರ್ ಕೈಗೆ. ಪಕ್ಕದಲ್ಲಿ ಯಾರಾದರೂ ಇರಲಿ, ಬಿದ್ದೀರಿ.

ಈಗ ವಾಚು. ಅದು ಹಸಿರು ಬೆಳಕಿನಿಂದ ನಾಡಿ ಬಡಿತಗಳ ನಡುವಿನ ಅಂತರವನ್ನು ಹಿಡಿದು, ಆ ಅಂತರದ ಏರಿಳಿತದಿಂದ ಸ್ಟ್ರೆಸ್ ಅಂಕ ಕಟ್ಟುತ್ತದೆ. ಸೂತ್ರ ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಪಕ್ಕದ ತೋಟದವರ 40ರ ಜೊತೆ ನಿಮ್ಮ 70 ತೂಗಬೇಡಿ. ಇಳಿಜಾರು ತೋಟದಲ್ಲಿ ಹತ್ತಿಳಿದದ್ದಕ್ಕೂ ಕೂಲಿ ಲೆಕ್ಕ ತಪ್ಪಿ ಸಿಟ್ಟು ಬಂದದ್ದಕ್ಕೂ ಅದಕ್ಕೆ ಸರಿಯಾಗಿ ವ್ಯತ್ಯಾಸ ತಿಳಿಯದು. ಪಟ್ಟಿ ಸಡಿಲ ಇದ್ದರೆ, ಚಳಿಗೆ ಕೈ ತಣ್ಣಗಿದ್ದರೆ ಸಿಗ್ನಲ್ಲೇ ಕೆಡುತ್ತದೆ. ಹಗಲಿನ ಅಂಕ ಬಿಟ್ಟುಬಿಡಿ. ಆ್ಯಪಿನಲ್ಲಿ ರಾತ್ರಿಯ ಎಚ್‌ಆರ್‌ವಿ (ಬಡಿತದ ಅಂತರದ ಅದೇ ಏರಿಳಿತ) ಮಿಲಿಸೆಕೆಂಡಿನಲ್ಲಿ ಸಿಕ್ಕರೆ ಅದರ 7 ದಿನದ ಸರಾಸರಿ ನೋಡಿ. ಅದು ವಾರಗಟ್ಟಲೆ ಕೆಳಗಿಳಿದು, ಬೆಳಗಿನ ನಾಡಿಯೂ ಏರಿದ್ದರೆ ಗಮನ ಕೊಡಬೇಕಾದ ಸಂಗತಿ. ಒಂದು ರಾತ್ರಿಯ ಕುಸಿತಕ್ಕೆ ಎರಡು ಪೆಗ್ಗೇ ಸಾಕು.

ಕಾಫಿಯನ್ನು ಅಳತೆಯ ವಾರದಲ್ಲಿ ಒಮ್ಮೆಲೇ ನಿಲ್ಲಿಸಬೇಡಿ. ಬಿಟ್ಟ 12–24 ಗಂಟೆಯೊಳಗೆ ತಲೆನೋವು, ಮಂಕು ಶುರುವಾಗಿ ವಾರದವರೆಗೂ ಎಳೆಯಬಹುದು, ಅಂಕಗಳೆಲ್ಲ ಕಲಸಿಹೋಗುತ್ತವೆ. ಮೊದಲ ವಾರ ಎಂದಿನಂತೆ ಕುಡಿಯಿರಿ, ಆಮೇಲೆ ಮಧ್ಯಾಹ್ನದ ನಂತರದ್ದನ್ನು ಒಂದೊಂದಾಗಿ ಬಿಡಿ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ರೊಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಇರುತ್ತದೆ ಅನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ.

ರಕ್ತ ಪರೀಕ್ಷೆಯ ದುಡ್ಡು ಒತ್ತಡದ ವೇಷ ಹಾಕಿಕೊಂಡು ಬರುವ ಕಾಯಿಲೆಗಳಿಗೆ ಹೋಗಲಿ: ಥೈರಾಯ್ಡಿನ ಟಿಎಸ್‌ಎಚ್, ಹಿಮೋಗ್ಲೋಬಿನ್ ಸಹಿತ ಸಿಬಿಸಿ (ರಕ್ತಕಣಗಳ ಎಣಿಕೆ), ಎಚ್‌ಬಿಎ1ಸಿ, ಬಿ12. ಢವಢವ ಇರುವುದರಿಂದ ಒಂದು ಇಸಿಜಿ ಕೂಡ. ಎಚ್‌ಬಿಎ1ಸಿ 5.7–6.4 ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಆದರೆ ಕಬ್ಬಿಣದ ಕೊರತೆ ಇರುವವರಲ್ಲಿ ಅದು ಸುಳ್ಳೇ ಮೇಲೆ ಕಾಣಬಹುದು, ಸಿಬಿಸಿ ಜೊತೆಗಿಟ್ಟು ಓದಬೇಕು. ಸೊಂಟಕ್ಕೆ ಟೇಪು ಹಿಡಿಯಿರಿ: ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ನಮ್ಮ ದೇಶದವರ ಗೆರೆ. ಬಿಪಿ, ಸಕ್ಕರೆಯನ್ನು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಉಚಿತವಾಗಿ ನೋಡುತ್ತಾರೆ. ಮುಂದಕ್ಕೆ ಬೇಕಾದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್ ಇದೆ.

ಮನಸ್ಸಿನ ಅಳತೆಗೆ ಪ್ರಶ್ನಾವಳಿಯೇ ಒಳ್ಳೆಯ ಉಪಕರಣ, ಜನ ಅದನ್ನು ಹಗುರವಾಗಿ ಕಾಣುತ್ತಾರೆ. ಕೋಹೆನ್ ತಂಡ 1983ರಲ್ಲಿ ತಂದ, ಒತ್ತಡ ಎಷ್ಟು ಅನಿಸುತ್ತಿದೆ ಅಂತ ಅಳೆಯುವ ಪಿಎಸ್‌ಎಸ್‌ನ 10 ಪ್ರಶ್ನೆಯ ರೂಪದಲ್ಲಿ ಕಳೆದ ಒಂದು ತಿಂಗಳನ್ನು ಕೇಳುತ್ತಾರೆ, ಒಟ್ಟು 40 ಅಂಕ. 4, 5, 7, 8ನೇ ಪ್ರಶ್ನೆಗಳ ಅಂಕವನ್ನು ತಿರುವಿ ಹಾಕಬೇಕು. ಅದನ್ನು ಮರೆತು ಕೂಡಿದರೆ ಉತ್ತರ ಹಾಳು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಕಳೆದ ಎರಡು ವಾರದ್ದು, 10 ಅಥವಾ ಮೇಲಿದ್ದರೆ ಡಾಕ್ಟರನ್ನು ಕಾಣಿ. ಅದರ 9ನೇ ಪ್ರಶ್ನೆ ಸಾಯುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ ಒಟ್ಟು ಅಂಕ ನೋಡುತ್ತಾ ಕೂರದೆ ಅವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಢವಢವದ ಜೊತೆ ಎದೆ ಹಿಡಿದುಕೊಂಡರೆ, ಉಸಿರು ಕಟ್ಟಿದರೆ, ಕಣ್ಣು ಕತ್ತಲೆ ಬಂದು ಬಿದ್ದರೆ ಹಾಳೆ-ಪೆನ್ನು ಬಿಟ್ಟು 108.

ಕೊನೆಗೆ ನೀವು ಕೇಳಿದ ಕ್ಯಾಂಪಿನ ವಿಷಯ. ಅಂಗೈಯಲ್ಲಿ ಲೋಹದ ಕಡ್ಡಿ ಹಿಡಿಸಿ, ಒಂದೆರಡು ನಿಮಿಷದಲ್ಲಿ ಲಿವರು, ಕಿಡ್ನಿ, ಒತ್ತಡ ಎಲ್ಲದರ ರಿಪೋರ್ಟು ಕೊಡುವ ‘ಕ್ವಾಂಟಮ್ ಬಾಡಿ ಅನಲೈಜರ್’ಗೆ ವೈದ್ಯಕೀಯ ಆಧಾರವಿಲ್ಲ. ಸಂಶಯವಿದ್ದರೆ ವಯಸ್ಸು, ತೂಕ ಬೇರೆ ಬೇರೆ ಹೇಳಿ ಅದೇ ಕೈಯನ್ನು ಎರಡು ಸಲ ಕೊಟ್ಟು ನೋಡಿ. ರಿಪೋರ್ಟಿನ ಹಿಂದೆಯೇ ಪುಡಿ ಡಬ್ಬ ಮಾರಲು ಬಂದರೆ ಎದ್ದು ಬನ್ನಿ.