ಏರಿನಲ್ಲಿ ಮುಗ್ಗರಿಸುವ ಎಂಜಿನ್

ಪ್ರಶ್ನೆ: ನನ್ನದು 15 ವರ್ಷ ಹಳೆಯ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಸಮತಟ್ಟಾದ ರಸ್ತೆಯಲ್ಲಿ ತಕರಾರಿಲ್ಲ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಜಗ್ಗಿ ಜಗ್ಗಿ ಓಡುತ್ತದೆ, ಪಿಕಪ್ ಇರುವುದಿಲ್ಲ, ಎಂಜಿನ್ ದೀಪ ಮಿಣುಕುತ್ತದೆ. ಸ್ಕ್ಯಾನರ್ ಪಿ0303 ಎಂದು ತೋರಿಸಿತು. ನಾಲ್ಕೂ ಸ್ಪಾರ್ಕ್ ಪ್ಲಗ್ ಹೊಸದು ಹಾಕಿಸಿದೆ. ಕೆಲವು ದಿನ ಸರಿಯಿದ್ದು ಮತ್ತೆ ಅದೇ ರಾಗ. ಬಿಚ್ಚಿದ ಪ್ಲಗ್‌ಗಳಲ್ಲಿ ಒಂದರ ಪಿಂಗಾಣಿ ಭಾಗಕ್ಕೆ ಎಣ್ಣೆ ಮೆತ್ತಿತ್ತು. ಈಗ ಫ್ಯೂಯಲ್ ಪಂಪ್ ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಪಂಪ್ ಸೋತರೆ ನಾಲ್ಕೂ ಸಿಲಿಂಡರ್‌ಗಳಿಗೆ ಪೆಟ್ರೋಲ್ ಸಾಲದಾಗುತ್ತದೆ. ನಿಮ್ಮ ಕೋಡ್ ಹೇಳುವುದು ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ (ಮಿಸ್‌ಫೈರ್) ಎಂದು, ಅದರ ಕೊನೆಯ ಅಂಕಿ ಮೂರನೆಯ ಸಿಲಿಂಡರನ್ನು ಮಾತ್ರ ದೂರುತ್ತಿದೆ. ಯಾವುದೇ ಒಂದು ಸಿಲಿಂಡರನ್ನು ಹೆಸರಿಸದ ಪಿ0300 ಬಂದಿದ್ದರೆ ಪಂಪಿನ ಮಾತಿಗೆ ಕಿವಿಗೊಡಬಹುದಿತ್ತು.

ನೀವು ಮಾತಿನ ನಡುವೆ ಸುಮ್ಮನೆ ಬರೆದಿರುವ ಆ ಎಣ್ಣೆಯೇ ನನಗೆ ಮುಖ್ಯವಾಗಿ ಕಾಣುತ್ತದೆ. ಟ್ಯಾಪೆಟ್ ಕವರಿನ (ಎಂಜಿನ್ನಿನ ಮೇಲ್ಮುಚ್ಚಳದ) ಗ್ಯಾಸ್ಕೆಟ್ ಹಳತಾಗಿ ಗಟ್ಟಿಯಾದರೆ, ಪ್ಲಗ್ ಕೂರುವ ಗುಂಡಿಗೆ ಎಣ್ಣೆ ಇಳಿಯುತ್ತದೆ. ಪ್ಲಗ್ಗಿಗೆ ವಿದ್ಯುತ್ತು ಕೊಡುವ ಕಾಯಿಲಿನ ರಬ್ಬರ್ ಬೂಟು ಅದರಲ್ಲಿ ನೆನೆದು ಉಬ್ಬಿ, ಬಿರುಕು ಬಿಡುತ್ತದೆ. ಏರಿನಲ್ಲಿ ಥ್ರಾಟಲ್ ತೆರೆದಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚು. ಆ ಒತ್ತಡದಲ್ಲಿ ಕಿಡಿ ಹಾರಲು ವೋಲ್ಟೇಜೂ ಹೆಚ್ಚು ಬೇಕು. ಆಗ ವಿದ್ಯುತ್ತು ಪ್ಲಗ್ಗಿನ ತುದಿಗೆ ಹೋಗುವ ಬದಲು ಬಿರುಕಿನ ಮೂಲಕ ಪಕ್ಕದ ಲೋಹಕ್ಕೆ ಹಾರಿಬಿಡುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಕಾರು ಸುಮ್ಮನಿರುವುದು ಇದಕ್ಕೇ. ಹೊಸ ಪ್ಲಗ್ ಹಾಕುವಾಗ ಯಾರೋ ಗುಂಡಿಯನ್ನು ಒರೆಸಿರಬೇಕು. ಆ ಕೆಲವು ದಿನಗಳ ನೆಮ್ಮದಿ ಒರೆಸಿದ ಬಟ್ಟೆಯದು, ಪ್ಲಗ್ಗಿನದಲ್ಲ ಎಂದೇ ನನ್ನ ಗುಮಾನಿ.

ಖಾತ್ರಿ ಮಾಡಿಕೊಳ್ಳಲು ಹೊಸ ಸಾಮಾನು ಕೊಳ್ಳಬೇಕಿಲ್ಲ. ಎಂಜಿನ್ ತಣ್ಣಗಾದ ಮೇಲೆ ಎರಡನೆಯ ಮತ್ತು ಮೂರನೆಯ ಕಾಯಿಲ್‌ಗಳನ್ನು ಬೂಟಿನ ಸಮೇತ ಅದಲು ಬದಲು ಮಾಡಿಸಿ, ಕೋಡ್ ಅಳಿಸಿ, ಅದೇ ಏರು ಹತ್ತಿಸಿ. (ಸಾಲಾಗಿ ನಿಂತ ನಾಲ್ಕು ಸಿಲಿಂಡರ್‌ಗಳಲ್ಲಿ ಯಾವ ತುದಿಯಿಂದ ಎಣಿಸಿದರೂ ನಡುವಿನವು ಈ ಎರಡೇ, ಎಣಿಕೆ ತಪ್ಪುವ ಭಯವಿಲ್ಲ.) ಪಿ0302 ಬಂದರೆ ಕಳ್ಳ ಸಿಕ್ಕಿದ, ಆ ಕಾಯಿಲೋ ಬೂಟೋ. ಪಿ0303 ಉಳಿದರೆ ಪ್ಲಗ್, ಆಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಹೀಗೆಯೇ ಬದಲಿಸಿ ನೋಡಬೇಕು. ಅದಕ್ಕೂ ಸರಿಹೋಗದಿದ್ದರೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಲಿ: ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ನಿಮ್ಮ ಕಾರು ಅಲ್ಲಿಯವರೆಗೆ ಹೋಗಲಾರದು.

ಕಾಯಿಲ್ ಅಥವಾ ಬೂಟು ಹೊಸದು ಹಾಕಿ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್, ಗುಂಡಿಯ ಸೀಲ್ ಎರಡನ್ನೂ ಹಳತೇ ಬಿಟ್ಟರೆ ಇದೇ ಪತ್ರವನ್ನು ಮತ್ತೆ ಬರೆಯುತ್ತೀರಿ. ಪ್ಲಗ್ ಬಿಚ್ಚುವ ಮೊದಲೇ ಗುಂಡಿಯ ಎಣ್ಣೆ ತೆಗೆಯಲು ಹೇಳಿ. ಇಲ್ಲವಾದರೆ ಅದು ಸಿಲಿಂಡರಿಗೆ ಬೀಳುತ್ತದೆ.

ಇನ್ನೊಂದು ಮಾತು, ಇದು ಕಟ್ಟುನಿಟ್ಟು. ಎಂಜಿನ್ ದೀಪ ಉರಿಯುತ್ತಾ ನಿಲ್ಲುವುದು ಬೇರೆ, ಮಿಣುಕುವುದು ಬೇರೆ. ಮಿಣುಕಿದಾಗ ಆಕ್ಸಿಲರೇಟರ್ ಸಡಿಲಿಸಿ. ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿಕೊಂಡು ಅದರ ಒಳಗನ್ನು ಕರಗಿಸುತ್ತದೆ. ಗ್ಯಾಸ್ಕೆಟ್ಟಿನಲ್ಲಿ ಮುಗಿಯಬೇಕಾದ ಖರ್ಚನ್ನು ಅಲ್ಲಿಯವರೆಗೆ ಎಳೆಯಬೇಡಿ.

ಪ್ರಶ್ನೆ: ನನ್ನ ಹಳೆಯ ಪೆಟ್ರೋಲ್ ಕಾರು ಜಗ್ಗುವುದಿಲ್ಲ, ದೀಪವೂ ಬರುವುದಿಲ್ಲ. ಆದರೆ ಶಕ್ತಿಯೇ ಇಲ್ಲ. ಏರ್ ಫಿಲ್ಟರ್, ಫ್ಯೂಯಲ್ ಫಿಲ್ಟರ್ ಎರಡೂ ಹೊಸದು.

ಉತ್ತರ: ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಗೆ) ವ್ಯಾಕ್ಯೂಮ್ ಗೇಜ್ ಜೋಡಿಸಿ, ಎಂಜಿನನ್ನು 2500 ಆರ್‌ಪಿಎಂನಲ್ಲಿ ಸ್ವಲ್ಪ ಹೊತ್ತು ಹಿಡಿಯಲಿ. ಮುಳ್ಳು ನಿಧಾನವಾಗಿ ಇಳಿಯುತ್ತಾ ಹೋದರೆ ಹೊಗೆ ಹೊರಬೀಳುವ ದಾರಿ ಕಟ್ಟಿಕೊಂಡಿದೆ, ಹೆಚ್ಚಾಗಿ ಕನ್ವರ್ಟರಿನಲ್ಲಿ. ಇಳಿಯದಿದ್ದರೆ ಪೆಟ್ರೋಲಿನ ಒತ್ತಡ ಅಳೆಯಿಸಿ. ನಿಂತಲ್ಲೇ ಅಳೆದರೆ ಸಾಲದು, ಕಾರು ಓಡುವಾಗ ನೋಡಬೇಕು. ಎರಡಕ್ಕೂ ಮೊದಲು, ಬ್ರೇಕ್ ಹೆಚ್ಚು ಬಳಸದೆ ಒಂದಿಷ್ಟು ದೂರ ಓಡಿಸಿ ನಿಲ್ಲಿಸಿ, ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದರಲ್ಲಿ ಮಾತ್ರ ಹೆಚ್ಚು ಕಾವಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಎಂಜಿನನ್ನು ಮುಟ್ಟಿಸಬೇಡಿ.