ಪರದೆಯಲ್ಲಿ ಬರೀ ಅಡ್ಡಗೆರೆ ಬಂದರೆ ಪಿಕ್ಚರ್ ಟ್ಯೂಬ್ ಹೋಗಿದೆ ಅಂತಲ್ಲ
ಹಳೇ ಆರ್ಕೇಡ್ ಗೇಮ್ ಮೆಷಿನ್ನಿನಲ್ಲಿ ಸೌಂಡ್ ಬರುತ್ತದೆ, ಕಾಯಿನ್ ಹಾಕಿದರೆ ಗೇಮೂ ಶುರುವಾಗುತ್ತದೆ, ಆದರೆ ಪರದೆ ನಡುವೆ ಒಂದೇ ಒಂದು ಬಿಳಿ ಅಡ್ಡಗೆರೆ, ಟ್ಯೂಬ್ ಹೋಯಿತಾ ಅಂತ ಕೇಳಿದ್ದೀರಿ. ಇಲ್ಲ ಸರ್. ಗೆರೆ ಬೆಳಗುತ್ತಿದೆ ಅಂದರೆ ಟ್ಯೂಬಿಗೆ ಜೀವ ಇದೆ. ಕೆಟ್ಟಿರುವುದು ವರ್ಟಿಕಲ್ ಸರ್ಕ್ಯೂಟ್, ಚಿತ್ರವನ್ನು ಮೇಲೆ ಕೆಳಗೆ ಹರಡುವ ಭಾಗ. ಮೊದಲು ಬ್ರೈಟ್‌ನೆಸ್ ಇಳಿಸಿ, ಇಲ್ಲಾಂದ್ರೆ ಆ ಗೆರೆಯ ಗುರುತು ಪರದೆ ಮೇಲೆ ಹಾಗೇ ಕೂತುಬಿಡುತ್ತದೆ.

ಪ್ಲಗ್ ಕಿತ್ತ ಮಾತ್ರಕ್ಕೆ ಒಳಗೆ ಕೈ ಹಾಕಬೇಡಿ. ಟ್ಯೂಬಿನ ರಬ್ಬರ್ ಟೋಪಿ ಅಡಿ 20ರಿಂದ 25 ಸಾವಿರ ವೋಲ್ಟ್ ಓಡುತ್ತಿರುತ್ತದೆ, ಆಫ್ ಮಾಡಿದ ಮೇಲೂ ಚಾರ್ಜ್ ಉಳಿದಿರುತ್ತದೆ. ಅದನ್ನು ಮೊದಲು ಡಿಸ್ಚಾರ್ಜ್ ಮಾಡಬೇಕು. ಗೊತ್ತಿಲ್ಲದಿದ್ದರೆ ಒಬ್ಬರೇ ಮಾಡಬೇಡಿ, ದಾವಣಗೆರೆಯಲ್ಲೇ ಇದ್ದೀರಲ್ಲ, ಮಂಡಿಪೇಟೆ ಕಡೆ ವಿಚಾರಿಸಿ ಡಬ್ಬಾ ಟಿವಿ ರಿಪೇರಿ ಮಾಡುತ್ತಿದ್ದ ಹಳೇ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ. ಆರ್ಕೇಡ್ ಮಾನಿಟರ್ ಅಂತ ಹೇಳಿ ಹೆದರಿಸಬೇಡಿ, ಒಳಗಿರುವುದು ಹೆಚ್ಚು ಕಮ್ಮಿ ಅದೇ ಟಿವಿ.

ಆಮೇಲೆ ಬೋರ್ಡ್ ತಿರುಗಿಸಿ, ಬಿಸಿ ಹೀರುವ ಲೋಹದ ಹೀಟ್‌ಸಿಂಕಿಗೆ ಕೂತಿರುವ ವರ್ಟಿಕಲ್ ಐಸಿ (ಆ ಸರ್ಕ್ಯೂಟಿನ ಚಿಪ್) ಕಾಲುಗಳನ್ನೂ ಯೋಕ್ (ಟ್ಯೂಬಿನ ಕತ್ತಿಗೆ ಕೂತಿರುವ ತಂತಿ ಸುರುಳಿ) ವೈರಿನ ಪ್ಲಗ್ ಪಿನ್ನುಗಳನ್ನೂ ಟಾರ್ಚ್ ಹಿಡಿದು ನೋಡಿ. ಪಿನ್ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ ಕಂಡರೆ ಸೋಲ್ಡರ್ ಬೆಸುಗೆ ಬಿರುಕು ಬಿಟ್ಟಿದೆ. ಹಳೇದು ತೆಗೆದು ಹೊಸ ಸೋಲ್ಡರ್ ಹಾಕಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆಗಲಿಲ್ಲ ಅಂದರೆ ಐಸಿ ಪಕ್ಕದ ಚಿಕ್ಕ ಡಬ್ಬಿಯಂಥ ಕೆಪಾಸಿಟರ್ ಬದಲಿಸಿ, 105 ಡಿಗ್ರಿ ಬಿಸಿ ತಾಳುವಂಥದ್ದೇ ತನ್ನಿ, ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ವಾ. ಆಮೇಲೂ ಗೆರೆಯೇ ಇದ್ದರೆ ಐಸಿಗೆ ವೋಲ್ಟೇಜ್ ಬರುತ್ತಿದೆಯಾ ಅಂತ ಆ ಮೆಕ್ಯಾನಿಕ್ ಕೈಯಲ್ಲಿ ಚೆಕ್ ಮಾಡಿಸಿ. ಯಾರಾದರೂ ಫ್ಲೈಬ್ಯಾಕ್ (ಟ್ಯೂಬಿಗೆ ಆ ಸಾವಿರಾರು ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್) ಬದಲಿಸಿ ಅಂದರೆ ಕೇಳಬೇಡಿ, ಸುಮ್ನೆ ದುಡ್ಡು ದಂಡ.